ಡಿಶ್ ಗುಡ್ಡೆಯಲ್ಲಿ, ಟಿವಿ ಕೆಳಗೆ: ಉದ್ದ ಕೇಬಲಿನಲ್ಲಿ ಸೊರಗುವ ಸಿಗ್ನಲ್

ದೂರದರ್ಶನದ ಆರಂಭದ ದಿನಗಳಲ್ಲಿ ಗುಡ್ಡೆಯ ತುದಿಗೆ ಆಂಟೆನಾ ನೆಟ್ಟು ಕಣಿವೆಯ ಮನೆಗೆ ವಯರು ಎಳೆದವರು ನಮ್ಮಲ್ಲಿ ಅನೇಕರು. ಆಂಟೆನಾ ಹೋಯಿತು, ಡಿಶ್ ಬಂತು. ಅಭ್ಯಾಸ ಮಾತ್ರ ಹಾಗೆಯೇ ಉಳಿದಿದೆ. ಈಗಲೂ ಕೆಲವು ಕಡೆ ಡಿಶ್ ಗುಡ್ಡೆಯಲ್ಲಿ, ಟಿವಿ ಇನ್ನೂರು ಅಡಿ ಕೆಳಗೆ. ಮೋಡ ಕಟ್ಟಿತೋ, ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಪೇಟೆಗೆ ಹೋಗಿ ಬೂಸ್ಟರ್ ತಂದು ಟಿವಿಯ ಹಿಂದೆ ಸಿಕ್ಕಿಸಿದರೆ ದುಡ್ಡು ಹೋಗುತ್ತದೆ, ಚಿತ್ರ ಬರುವುದಿಲ್ಲ.

ಕಾರಣ ಸರಳ. ಡಿಶ್ಶಿನ ಕೈಯಲ್ಲಿರುವ ಎಲ್‌ಎನ್‌ಬಿಯಿಂದ ಕೆಳಗಿಳಿಯುವ ಸಿಗ್ನಲ್ 950ರಿಂದ 2150 ಮೆಗಾಹರ್ಟ್ಸ್‌ನದು. ಮಾಮೂಲಿ ಆರ್‌ಜಿ-6 ಕೇಬಲಿನಲ್ಲಿ ಇದು ಕೆಳತುದಿಯಲ್ಲಿ ಸುಮಾರು 15 ಮೀಟರಿಗೊಮ್ಮೆ, ಮೇಲ್ತುದಿಯಲ್ಲಿ ಸುಮಾರು 10 ಮೀಟರಿಗೊಮ್ಮೆ ಅರ್ಧಕ್ಕಿಳಿಯುತ್ತದೆ. 60 ಮೀಟರ್ ಅಂದರೆ ಆರು ಸಲ ಅರ್ಧ, ಉಳಿಯುವುದು 64ರಲ್ಲಿ ಒಂದು ಪಾಲು. ದಾರಿಯಲ್ಲಿ ಕೆಸರು ಸೇರಿದ ನೀರಿಗೆ ಕೊನೆಯಲ್ಲಿ ಪಂಪು ಇಟ್ಟರೆ ಕೆಸರೂ ಜೋರಾಗಿಯೇ ಬರುತ್ತದಲ್ಲ, ಟಿವಿ ಹಿಂದಿನ ಬೂಸ್ಟರ್ ಮಾಡುವುದೂ ಅಷ್ಟೇ.

ಮೊದಲು ರೋಗ ಎಲ್ಲಿದೆ ನೋಡಿ. ಸೆಟ್‌ಟಾಪ್ ಬಾಕ್ಸಿನ ಮೆನುವಿನಲ್ಲಿ ಸಿಗ್ನಲ್ಲಿನ ಬಲ, ಗುಣಮಟ್ಟ ಅಂತ ಎರಡು ಪಟ್ಟಿ ಇರುತ್ತವೆ. ಬಲ ಚೆನ್ನಾಗಿದ್ದು ಗುಣಮಟ್ಟ ಕಡಿಮೆಯಿದ್ದರೆ ಡಿಶ್ಶಿನ ದಿಕ್ಕು ಅಥವಾ ಅಡ್ಡ ಬಂದ ಮರದ ಮೇಲೆ ಸಂಶಯ ಪಡಿ. ಎರಡೂ ಕಡಿಮೆಯಾದರೆ ಹೆಚ್ಚಾಗಿ ಕೇಬಲಿನದ್ದೇ ತಕರಾರು. ಸಣ್ಣ ಟಿವಿ, ಬಾಕ್ಸ್ ಹೊತ್ತು ಡಿಶ್ಶಿನ ಬುಡಕ್ಕೇ ಹೋಗಿ, ಎರಡು ಮೀಟರ್ ಕೇಬಲಿನಲ್ಲಿ ಜೋಡಿಸಿ ನೋಡಿದರೆ ಸಂಶಯವೇ ಉಳಿಯದು.

ಆದರೆ ಡಿಶ್ ಗುಡ್ಡೆಯಲ್ಲೇ ಯಾಕಿರಬೇಕು? ಡಿಡಿ ಫ್ರೀ ಡಿಶ್ಶಿನ ಉಪಗ್ರಹ ಜಿಸ್ಯಾಟ್-15, 2015ರಲ್ಲಿ ಹಾರಿದ್ದು. 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ದಕ್ಷಿಣ ಕನ್ನಡದಿಂದ ನೋಡಿದರೆ ಆಗ್ನೇಯ ದಿಕ್ಕಿನಲ್ಲಿ, ಸುಮಾರು 64 ಡಿಗ್ರಿ ಎತ್ತರದಲ್ಲಿ. ಹೆಚ್ಚುಕಡಿಮೆ ನೆತ್ತಿಯ ಕಡೆಗೇ ಅನ್ನಿ. ಡಿಶ್ಶಿನ ಮುಖ ನೋಡಿದರೆ ಹಾಗೆ ಕಾಣುವುದಿಲ್ಲ. ನಮ್ಮ ಸಣ್ಣ ಡಿಶ್ಶುಗಳ ರಚನೆಯೇ ಹಾಗೆ, ಮುಖ ಮಾಡಿದ್ದಕ್ಕಿಂತ 20-25 ಡಿಗ್ರಿ ಮೇಲಕ್ಕೆ ಅವುಗಳ ದೃಷ್ಟಿ. ಹಾಗಾಗಿ ಎದುರಿನ ಗುಡ್ಡೆ ಅಡ್ಡ ಬರುವುದು ಅಪರೂಪ. ಅಡ್ಡ ಬರುವುದು ಹತ್ತಿರದ ಮರ. ಲೆಕ್ಕ ಹೀಗೆ: ಡಿಶ್ಶಿಗಿಂತ ಮರ ಎಷ್ಟು ಎತ್ತರವೋ ಅದರ ಅರ್ಧದಷ್ಟು ದೂರ ಬೇಕು. ಆಗ್ನೇಯದಲ್ಲಿ 50 ಅಡಿಯ ಅಡಿಕೆ ಮರವಿದ್ದರೆ 25 ಅಡಿ, ಸೋಗೆಯ ಹರವಿಗೆಂದು ಇನ್ನೊಂದು ಐದಾರು ಅಡಿ. ಅಷ್ಟು ಜಾಗ ಎಷ್ಟೋ ಮನೆಗಳ ಅಂಗಳದಲ್ಲೇ ಇದೆ! ಬೇರೆ ಕಂಪೆನಿಯ ಡಿಶ್ಶಾದರೆ ಉಪಗ್ರಹ ಬೇರೆ ಇರಬಹುದು, ಕೋನ ಕೇಳಿಕೊಳ್ಳಿ.

ಇಳಿಸಲು ಸಾಧ್ಯವೇ ಇಲ್ಲದಿದ್ದರೆ ಕೇಬಲಿಗೆ ಬನ್ನಿ. ಹೊಸೆದು ಟೇಪು ಸುತ್ತಿದ ಜೋಡಣೆಗಳೇ ಮೊದಲ ಶತ್ರು. ಒಂದೇ ತುಂಡಾಗಿ ಎಳೆಯುವುದು ಉತ್ತಮ. ಆಗದಿದ್ದರೆ ಎಫ್ ಕನೆಕ್ಟರ್ ಹಾಕಿ, ಮೇಲೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪು ಎಳೆದು ಸುತ್ತಿ. ತುದಿ ಸುಲಿದಾಗ ಹೆಣಿಗೆ ಕಪ್ಪಾಗಿದ್ದರೆ ಒಳಗೆ ನೀರು ಇಳಿದಿದೆ. ಆ ಭಾಗ ಒಣಗಿಸಿ ಪ್ರಯೋಜನವಿಲ್ಲ, ಕತ್ತರಿಸಿ. ಇಲಿ, ಅಳಿಲು ಕಡಿದ ಜಾಗವೂ ಹಾಗೆಯೇ.

ಇನ್ನೊಂದು ಸಂಗತಿ ಕೆಲವು ಮೆಕ್ಯಾನಿಕ್‌ಗಳೂ ಮರೆಯುವಂಥದ್ದು. ಎಲ್‌ಎನ್‌ಬಿಗೆ ಕರೆಂಟು ಹೋಗುವುದು ಇದೇ ಕೇಬಲಿನಲ್ಲಿ, 13 ಅಥವಾ 18 ವೋಲ್ಟ್. ದಾರಿಯಲ್ಲಿ 18 ವೋಲ್ಟ್ ತೀರ ಕುಸಿದರೆ ಎಲ್‌ಎನ್‌ಬಿ ಅದನ್ನು 13 ಅಂತಲೇ ತಿಳಿಯುತ್ತದೆ. ಆಗ ಕೆಲವು ಚಾನೆಲ್ ಸ್ವಚ್ಛ, ಕೆಲವು ಪತ್ತೆಯೇ ಇಲ್ಲ. ಅಗ್ಗದ ಕೇಬಲಿನ ನಡುತಂತಿ ತಾಮ್ರ ಲೇಪಿಸಿದ ಉಕ್ಕು. ಆಯಸ್ಕಾಂತ ಹಿಡಿದರೆ ಅಂಟುತ್ತದೆ. ಉದ್ದ ಓಟಕ್ಕೆ ಅಪ್ಪಟ ತಾಮ್ರದ್ದು, ಸಾಧ್ಯವಾದರೆ ದಪ್ಪದ ಆರ್‌ಜಿ-11. ಅದರಲ್ಲಿ ನಷ್ಟ ಸುಮಾರು ಮೂರನೇ ಒಂದರಷ್ಟು ಕಡಿಮೆ.

ಇಷ್ಟಾದ ಮೇಲೂ ಸಾಲದಿದ್ದರೆ ಲೈನ್ ಆಂಪ್ಲಿಫೈಯರ್. ಮೇಲೆ 950-2150 ಎಂದು ಬರೆದದ್ದೇ ಬೇಕು. ಹಳೆ ಆಂಟೆನಾದ ಬೂಸ್ಟರ್ ಇದಕ್ಕಾಗದು. ಸಿಗ್ನಲ್ ಸೊರಗುವ ಮೊದಲೇ, ದಾರಿಯ ನಡುವೆ ಮಳೆ ತಾಗದಂತೆ ಕೂರಿಸಿ.

ಗುಡುಗು ಶುರುವಾದರೆ ಬಾಕ್ಸಿನ ಪ್ಲಗ್ಗೂ ಡಿಶ್ ಕೇಬಲೂ ಎರಡನ್ನೂ ಕಳಚಬೇಕು, ಗುಡುಗು ಹತ್ತಿರ ಬರುವ ಮೊದಲೇ. ಗುಡ್ಡೆಯಿಂದ ಇಳಿದ ಇನ್ನೂರು ಅಡಿ ತಂತಿ ಸಿಡಿಲಿಗೆ ಮನೆಯೊಳಗಿನ ದಾರಿ.