ಅಜ್ಜಿಯ ಹುಣಸೆ ಬೀಜ



ಈ ಪಾಠ ನನ್ನ ಅಜ್ಜಿಯ ಕಥೆ. ಅಜ್ಜಿ ಎಂದರೆ ನನ್ನ ತಾಯಿಯ ತಾಯಿ. ನಾನು ಹುಟ್ಟಿದ ದಿನವೇ ನನ್ನ ಅಮ್ಮ ತೀರಿಕೊಂಡರು. ನನ್ನನ್ನು ಎತ್ತಿ ಸಾಕಿದವರು ಅಜ್ಜಿ. ಅವರು ಈಗ ಇಲ್ಲ. ಆದರೆ ಮುದ್ದೆ ಕಟ್ಟುವಾಗಲೆಲ್ಲ ಅವರ ಕೈ ನೆನಪಾಗುತ್ತದೆ.

ಬೀಜದ ಲೆಕ್ಕ

ನಮ್ಮೂರು ತುಮಕೂರು ಜಿಲ್ಲೆಯ ಒಂದು ಸಣ್ಣ ಹಳ್ಳಿ. ಅಜ್ಜಿ ಊರಿನ ಸೂಲಗಿತ್ತಿ. ನಡುರಾತ್ರಿ ಯಾರಾದರೂ ಬಂದು ಬಾಗಿಲು ತಟ್ಟುತ್ತಿದ್ದರು.

"ಅಮ್ಮಯ್ಯ, ಸೊಸೆಗೆ ನೋವು ಸುರುವಾಗೈತೆ, ಬಾರವ್ವ."

ಅಜ್ಜಿ ಲಾಂದ್ರ ಹಿಡಿದು ಹೊರಡುತ್ತಿದ್ದರು. ಯಾವ ಜಾತಿ ಎಂದು ಕೇಳುತ್ತಿರಲಿಲ್ಲ. ಕಾಸು ಕೇಳುತ್ತಿರಲಿಲ್ಲ. ಒಂದು ಸೇರು ರಾಗಿ, ಎಲೆ ಅಡಿಕೆ ಕೊಟ್ಟರೆ ಸಾಕು.

ಮನೆಗೆ ಬಂದು ಸ್ನಾನ ಮಾಡಿ, ಗಡಿಗೆಗೆ ಒಂದು ಹುಣಸೆ ಬೀಜ ಹಾಕುತ್ತಿದ್ದರು. ಒಂದು ಮಗುವಿಗೆ ಒಂದು ಬೀಜ. ಓದು ಬರಹ ಬಾರದ ಅಜ್ಜಿಗೆ ಅದೇ ಲೆಕ್ಕದ ಪುಸ್ತಕ.

ಅವರ ಎಲೆ ಅಡಿಕೆ ಚೀಲದಲ್ಲಿ ಒಂದು ಸಣ್ಣ ಗಂಟು ಇತ್ತು. ಅದರಲ್ಲಿ ಒಂದೇ ಒಂದು ಹೊಂಗೆ ಬೀಜ. "ಇದೇನಜ್ಜಿ?" ಎಂದು ಒಮ್ಮೆ ಕೇಳಿದೆ. ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ.

"ಅದು ನಿಮ್ಮವ್ವ ಕಣ್ ಮಗಾ" ಎಂದರು.

ಆ ರಾತ್ರಿ

ನನ್ನ ಅಮ್ಮನ ಹೆರಿಗೆ ಮಾಡಿಸಿದ್ದು ಅಜ್ಜಿಯೇ. ಮಗು ಚೆನ್ನಾಗಿಯೇ ಬಂತು. ಆಮೇಲೆ ರಕ್ತ ನಿಲ್ಲಲಿಲ್ಲ. ಅಜ್ಜಿ ತಮಗೆ ತಿಳಿದದ್ದನ್ನೆಲ್ಲ ಮಾಡಿದರು. ಕಡೆಗೆ ಎತ್ತಿನ ಗಾಡಿ ಕಟ್ಟಿದರು. ಆಸ್ಪತ್ರೆ 14 ಕಿಲೋಮೀಟರ್ ದೂರ. ಅರ್ಧ ದಾರಿಯಲ್ಲೇ ಜೀವ ಹೋಯಿತು.

ಅಂದಿನಿಂದ ಅಜ್ಜಿ ಯಾರ ಮನೆಗೆ ಹೋದರೂ ಮೊದಲ ಮಾತು ಒಂದೇ: "ಮೊದ್ಲು ಗಾಡಿ ಕಟ್ಟಿ ನಿಲ್ಸಿ." ಸ್ವಲ್ಪ ಅನುಮಾನ ಬಂದರೂ ಆಸ್ಪತ್ರೆಗೆ ಹೊರಡಿಸುತ್ತಿದ್ದರು. ತಾವೂ ಜೊತೆಗೆ ಹೋಗುತ್ತಿದ್ದರು.

"ಸೂಲಗಿತ್ತಿಗೇ ಧೈರ್ಯ ಇಲ್ವಾ?" ಎಂದು ಕೆಲವರು ನಕ್ಕರು. "ಧೈರ್ಯ ಮಾಡಿಯೇ ಮಗಳನ್ನ ಕಳ್ಕೊಂಡೆ" ಎಂದರು ಅಜ್ಜಿ.

ಜೂನ್ 1

ನನ್ನನ್ನು ಶಾಲೆಗೆ ಸೇರಿಸಲು ಅಜ್ಜಿ ಕರೆದುಕೊಂಡು ಹೋದರು. ಮೇಷ್ಟ್ರು ಹುಟ್ಟಿದ ತಾರೀಖು ಕೇಳಿದರು. "ನಾಗರಪಂಚಮಿ ಮಾರನೇ ದಿನ. ಮಳೆ ಇರಲಿಲ್ಲ, ರಾಗಿ ಪೈರು ಬಾಡಿತ್ತು" ಎಂದರು ಅಜ್ಜಿ. ಮೇಷ್ಟ್ರು ಜೂನ್ 1 ಎಂದು ಬರೆದುಕೊಂಡರು. ನನ್ನ ತರಗತಿಯಲ್ಲಿ ಬಹಳ ಮಕ್ಕಳು ಜೂನ್ 1ರಂದೇ ಹುಟ್ಟಿದ್ದರು!

ಊರೆಲ್ಲ ನಕ್ಕಿತು. ಅಜ್ಜಿ ನಗಲಿಲ್ಲ. "ಇಷ್ಟು ಮಕ್ಕಳನ್ನ ಎತ್ತಿದ ಕೈಗೆ ಒಂದು ತಾರೀಖು ಬರೆಯಕ್ಕೆ ಬರಲಿಲ್ವಲ್ಲ" ಎಂದು ಕೊರಗಿದರು.

1990ರ ದಶಕದಲ್ಲಿ ನಮ್ಮೂರಿನಲ್ಲೂ ಸಾಕ್ಷರತೆಯ ರಾತ್ರಿ ಶಾಲೆ ಶುರುವಾಯಿತು. ಆಗ ನಾನು ಎರಡನೇ ತರಗತಿ. ಅಜ್ಜಿಗೆ ಅರವತ್ತು ದಾಟಿತ್ತು. ಸ್ಲೇಟು ಹಿಡಿದು ಹೊರಟೇಬಿಟ್ಟರು. ರಾತ್ರಿ ನಾವಿಬ್ಬರೂ ಒಂದೇ ದೀಪದ ಕೆಳಗೆ ಅಕ್ಷರ ತಿದ್ದುತ್ತಿದ್ದೆವು. ಹೆಸರು ಬರೆಯಲು ಅವರಿಗೆ ಮೂರು ತಿಂಗಳು ಬೇಕಾಯಿತು.

ಆಮೇಲೆ ಅಜ್ಜಿ ಒಂದು ನೋಟ್ ಬುಕ್ ತರಿಸಿದರು. ಹೆರಿಗೆಯಾದ ದಿನವೇ ತಾರೀಖು, ತಾಯಿಯ ಹೆಸರು, ಗಂಡೋ ಹೆಣ್ಣೋ ಎಂದು ಬರೆದಿಡುತ್ತಿದ್ದರು. ಕಾಗುಣಿತ ತಪ್ಪುತ್ತಿತ್ತು. ತಾರೀಖು ತಪ್ಪುತ್ತಿರಲಿಲ್ಲ. ಮಕ್ಕಳನ್ನು ಶಾಲೆಗೆ ಸೇರಿಸುವಾಗ ಜನ ತಾರೀಖು ಕೇಳಲು ನಮ್ಮ ಮನೆಗೇ ಬರುತ್ತಿದ್ದರು.

ಆ ಪುಸ್ತಕ ಈಗ ನನ್ನ ಬಳಿ ಇದೆ. ಮೊದಲ ಪುಟದಲ್ಲಿ ನನ್ನ ಅಮ್ಮನ ಹೆಸರಿದೆ. ಅದರ ಮುಂದೆ ತಾರೀಖು ಇಲ್ಲ.

ಇನ್ನೊಬ್ಬ ಅಜ್ಜಿ

ಸೂಲಗಿತ್ತಿ ನರಸಮ್ಮನವರ ಹೆಸರು ನೀವು ಕೇಳಿರಬಹುದು. ಅವರು ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನವರು. ಅವರಿಗೂ ಓದು ಬರಹ ಇರಲಿಲ್ಲ. ಹೆರಿಗೆ ಮಾಡಿಸುವುದನ್ನು ಅವರು ಕಲಿತದ್ದು ತಮ್ಮ ಅಜ್ಜಿಯಿಂದ. ಸಾವಿರಾರು ಹೆರಿಗೆಗಳನ್ನು ಕಾಸು ಪಡೆಯದೆ ಮಾಡಿಸಿದರು. ತುಮಕೂರು ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು ಅವರು ತೀರಿಕೊಂಡರು.

ತಿಳಿದಿರಲಿ

1. ಗರ್ಭಿಣಿ ಎಂದು ತಿಳಿದ ಕೂಡಲೇ ಆಶಾ ಕಾರ್ಯಕರ್ತೆಗೆ ಹೇಳಿ. ತಾಯಿ ಕಾರ್ಡ್ ಮಾಡಿಸಿ.
2. ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ. 108ಕ್ಕೆ ಫೋನ್ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ಹಣ ಕೊಡಬೇಕಿಲ್ಲ.
3. ಹೆರಿಗೆಯ ನಂತರ ಬಟ್ಟೆ ಮೇಲೆ ಬಟ್ಟೆ ತೊಯ್ದರೆ ಒಂದು ಗಳಿಗೆಯೂ ತಡ ಮಾಡಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ.
4. ಮಗು ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕೊಡಿ. ಗಿಣ್ಣು ಹಾಲನ್ನು ಚೆಲ್ಲಬೇಡಿ.
5. ಹುಟ್ಟಿದ 21 ದಿನದೊಳಗೆ ಜನನ ನೋಂದಣಿ ಮಾಡಿಸಿ. ಪ್ರಮಾಣ ಪತ್ರ ಪಡೆದು, ಹೆಸರು, ತಾರೀಖು ಸರಿ ಇದೆಯೇ ಎಂದು ನೀವೇ ಓದಿ ನೋಡಿ.

ಉತ್ತರ ಹೇಳಿ

1. ಅಜ್ಜಿ ಹುಣಸೆ ಬೀಜವನ್ನು ಏಕೆ ಕೂಡಿಡುತ್ತಿದ್ದರು?
2. "ಮೊದ್ಲು ಗಾಡಿ ಕಟ್ಟಿ ನಿಲ್ಸಿ" ಎಂದು ಅಜ್ಜಿ ಏಕೆ ಹೇಳುತ್ತಿದ್ದರು?
3. ಬರಹ ಕಲಿತ ಮೇಲೆ ಅಜ್ಜಿ ಏನು ಮಾಡಿದರು?

ಓದಿ, ಬರೆಯಿರಿ

ಸೂಲಗಿತ್ತಿ, ಹೆರಿಗೆ, ತಾರೀಖು, ನೋಂದಣಿ, ಪ್ರಮಾಣ ಪತ್ರ

ನೀವೇ ಬರೆಯಿರಿ

ನಿಮ್ಮ ಅಜ್ಜಿಯ ಹೆಸರು ಬರೆಯಿರಿ. ಅವರ ಬಗ್ಗೆ ಐದು ವಾಕ್ಯ ಬರೆಯಿರಿ. ಕಾಗುಣಿತ ತಪ್ಪಿದರೂ ಪರವಾಗಿಲ್ಲ. ಬರೆದದ್ದನ್ನು ಮನೆಯ ಮಕ್ಕಳಿಗೆ ಓದಿ ಹೇಳಿ.