ಉಕ್ಕಿ ಬರುವ ಭಾವನೆಗಳನ್ನು ಹಿಡಿತಕ್ಕೆ ತರುವುದು ಹೇಗೆ?



ಒಂದೇ ಬಿರುಸು ಮಾತನ್ನು ಇಬ್ಬರು ಕೇಳುತ್ತಾರೆ. ಒಬ್ಬರು ಅರ್ಧ ಗಂಟೆಯಲ್ಲಿ ಮರೆತುಬಿಡುತ್ತಾರೆ. ಇನ್ನೊಬ್ಬರು ಊಟ ಬಿಟ್ಟು, ಬಾಗಿಲು ಹಾಕಿಕೊಂಡು ರಾತ್ರಿಯಿಡೀ ಅಳುತ್ತಾರೆ. ಕೆಲವೊಮ್ಮೆ ತಮ್ಮ ಮೈಗೇ ನೋವು ಮಾಡಿಕೊಳ್ಳುತ್ತಾರೆ. ಆಗ ಮನೆಯವರು ಏನನ್ನುತ್ತಾರೆ? "ಇಷ್ಟಕ್ಕೆಲ್ಲ ಇಷ್ಟೊಂದು ರಂಪವೇ?" "ಎಲ್ಲ ನಾಟಕ." "ಪ್ರಾರ್ಥನೆ ಕಡಿಮೆಯಾಗಿದೆ, ಅದಕ್ಕೇ ಹೀಗೆ." ಈ ಮಾತುಗಳು ಉರಿಯುವ ಬೆಂಕಿಗೆ ತುಪ್ಪ ಸುರಿಯುತ್ತವೆ. ಇಂತಹವರಿಗೆ ಬೇಕಾಗಿರುವುದು ಬೈಗುಳವಲ್ಲ, ಬರಿಯ ಉಪದೇಶವೂ ಅಲ್ಲ. ಕಲಿಯಬಹುದಾದ, ಕಲಿಸಬಹುದಾದ ಕೆಲವು ಕೌಶಲಗಳು ಬೇಕು.

ಭಾವನೆ ಪಾಪವಲ್ಲ

ಕೋಪ, ಭಯ, ದುಃಖ ಇವು ತಮ್ಮಷ್ಟಕ್ಕೆ ಒಳ್ಳೆಯವೂ ಅಲ್ಲ, ಕೆಟ್ಟವೂ ಅಲ್ಲ. ಬುದ್ಧಿ ಮತ್ತು ಸಂಕಲ್ಪಗಳು ಅವುಗಳನ್ನು ಹೇಗೆ ನಡೆಸುತ್ತವೆ ಎಂಬುದರಲ್ಲಿ ಒಳಿತು ಕೆಡುಕು ಇದೆ ಎಂದು ಸಂತ ಥಾಮಸ್ ಅಕ್ವಿನಾಸರು 13ನೇ ಶತಮಾನದಲ್ಲೇ ಬೋಧಿಸಿದರು. ದುಃಖಕ್ಕೆ ಅವರು ಸೂಚಿಸಿದ ಮದ್ದುಗಳಲ್ಲಿ ಸತ್ಯದ ಧ್ಯಾನದ ಜೊತೆಗೆ ಕಣ್ಣೀರು, ಗೆಳೆಯರ ಅನುಕಂಪ, ನಿದ್ರೆ ಮತ್ತು ಸ್ನಾನವೂ ಸೇರಿವೆ. ಆತ್ಮಕ್ಕೆ ದೇಹದ ನೆರವು ಬೇಕು ಎಂಬುದು ಹೊಸ ವಿಚಾರವೇನಲ್ಲ.

ನೋವುಂಡವರೇ ಕಟ್ಟಿದ ಚಿಕಿತ್ಸೆ

ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹನ್ 1943ರಲ್ಲಿ ಟಲ್ಸಾ ನಗರದ ಕಥೋಲಿಕ ಕುಟುಂಬದಲ್ಲಿ ಹುಟ್ಟಿದರು. 1961ರಲ್ಲಿ, ಹದಿನೇಳರ ಹರೆಯದಲ್ಲಿ, ತಮ್ಮನ್ನು ತಾವೇ ಗಾಯಗೊಳಿಸಿಕೊಳ್ಳುವ ಸ್ಥಿತಿಯಲ್ಲಿ ಹಾರ್ಟ್‌ಫರ್ಡ್ ನಗರದ ಮಾನಸಿಕ ಆಸ್ಪತ್ರೆ ಸೇರಿ, ಎರಡು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿದ್ದರು. 1967ರಲ್ಲಿ ಷಿಕಾಗೋದ ಒಂದು ಪ್ರಾರ್ಥನಾಲಯದಲ್ಲಿ ಮೊಣಕಾಲೂರಿದ್ದಾಗ, ತಾನು ಪ್ರೀತಿಗೆ ಪಾತ್ರಳು ಎಂಬ ಆಳವಾದ ಅನುಭವ ಅವರಿಗಾಯಿತು. ಅವರು ಅಷ್ಟಕ್ಕೇ ನಿಲ್ಲಲಿಲ್ಲ. ಯೇಸುಸಭೆಯವರ ಲೊಯೋಲಾ ವಿಶ್ವವಿದ್ಯಾನಿಲಯದಲ್ಲಿ 1971ರಲ್ಲಿ ಡಾಕ್ಟರೇಟ್ ಪಡೆದರು. ಮುಂದೆ ಸಿಯಾಟಲ್‌ನಲ್ಲಿ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ, ಅಂದರೆ ಡಿ.ಬಿ.ಟಿ., ಎಂಬ ಚಿಕಿತ್ಸೆಯನ್ನು ರೂಪಿಸಿದರು. ಸಾವಿನ ಅಂಚಿಗೆ ಬಂದವರಿಗಾಗಿ ಹುಟ್ಟಿದ ಈ ಚಿಕಿತ್ಸೆಯ ಮೊದಲ ದೊಡ್ಡ ಅಧ್ಯಯನ 1991ರಲ್ಲಿ ಪ್ರಕಟವಾಯಿತು. ತಮ್ಮ ಸ್ವಂತ ಕಥೆಯನ್ನು ಅವರು ಬಹಿರಂಗವಾಗಿ ಹೇಳಿದ್ದು 2011ರಲ್ಲಿ.

ಈ ಚಿಕಿತ್ಸೆಯ ತಿರುಳು ಎರಡು ಮಾತುಗಳು: "ನೀನು ಇರುವಂತೆಯೇ ನಿನ್ನನ್ನು ಒಪ್ಪಿಕೊಳ್ಳುತ್ತೇನೆ", "ನೀನು ಬದಲಾಗಬೇಕು". ಇವು ಪರಸ್ಪರ ವಿರುದ್ಧವೆಂದು ತೋರಿದರೂ ಎರಡೂ ನಿಜ. ಬದಲಾವಣೆಯನ್ನಷ್ಟೇ ಕೇಳಿದರೆ ನೊಂದವರು ಮುದುಡಿಹೋಗುತ್ತಾರೆ. ಒಪ್ಪಿಕೊಂಡು ಸುಮ್ಮನಾದರೆ ಇದ್ದಲ್ಲೇ ಉಳಿಯುತ್ತಾರೆ. ನಡೆಯಲು ಕಲಿಯುವ ಮಗುವಿನ ಮುಂದೆ ತಾಯಿ ಎರಡನ್ನೂ ಒಟ್ಟಿಗೇ ಮಾಡುತ್ತಾಳಲ್ಲವೇ?

ನಾಲ್ಕು ಕೌಶಲಗಳು

1. ಗಮನಿಸುವುದು: ಕೋಪ ಬಂದಾಗ "ನನ್ನಲ್ಲಿ ಈಗ ಕೋಪವಿದೆ, ಎದೆ ಹೊಡೆದುಕೊಳ್ಳುತ್ತಿದೆ" ಎಂದು ಮನಸ್ಸಿನಲ್ಲೇ ಹೇಳಿಕೊಳ್ಳಿ. ಹೆಸರಿಟ್ಟ ಭಾವನೆ ನಮ್ಮಿಂದ ಒಂದು ಹೆಜ್ಜೆ ದೂರ ನಿಲ್ಲುತ್ತದೆ. ಭಾವನೆಯ ಮಾತನ್ನೂ ಕೇಳಿ, ತರ್ಕದ ಮಾತನ್ನೂ ಕೇಳಿ. ಎರಡೂ ಕೂಡುವ ಜಾಗವನ್ನು ಲಿನೆಹನ್ ವಿವೇಕದ ಮನಸ್ಸು ಎಂದು ಕರೆದರು.

2. ಸಂಕಟವನ್ನು ದಾಟುವುದು: ಭಾವನೆ ತುತ್ತತುದಿಗೆ ಏರಿದಾಗ ಯಾವ ತೀರ್ಮಾನವನ್ನೂ ಮಾಡಬೇಡಿ, ಯಾರಿಗೂ ಉತ್ತರ ಕೊಡಬೇಡಿ. ಮೊದಲು ದೇಹವನ್ನು ತಣಿಸಿ. ಉಸಿರು ಬಿಗಿಹಿಡಿದು ಅರ್ಧ ನಿಮಿಷ ಮುಖವನ್ನು ತಣ್ಣೀರಿನಲ್ಲಿ ಅದ್ದಿದರೆ ಎದೆಬಡಿತ ನಿಧಾನವಾಗುತ್ತದೆ. (ಹೃದ್ರೋಗವಿರುವವರು ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು.) ಇಲ್ಲವೇ ನಾಲ್ಕು ಎಣಿಸುತ್ತಾ ಉಸಿರೆಳೆದು, ಆರು ಎಣಿಸುತ್ತಾ ಬಿಡಿ, ಕೆಲವು ನಿಮಿಷ ಮುಂದುವರಿಸಿ. ಇದು ಸಮಸ್ಯೆಯನ್ನು ಬಗೆಹರಿಸುವುದಿಲ್ಲ. ಅದು ಇನ್ನಷ್ಟು ಬಿಗಡಾಯಿಸದಂತೆ ಕಾಯುತ್ತದೆ.

3. ಭಾವನೆಯನ್ನು ತಿದ್ದುವುದು: ನಡೆದದ್ದೇನು, ನಾನು ಊಹಿಸಿದ್ದೇನು? "ಗೆಳತಿ ಫೋನ್ ಎತ್ತಲಿಲ್ಲ" ಎಂಬುದು ನಡೆದದ್ದು. "ಅವಳಿಗೆ ನಾನು ಬೇಡವಾದೆ" ಎಂಬುದು ಊಹೆ. ಭಾವನೆ ವಾಸ್ತವಕ್ಕೆ ಹೊಂದದಿದ್ದರೆ ಅದು ಎಳೆಯುವ ದಿಕ್ಕಿಗೆ ವಿರುದ್ಧವಾಗಿ ನಡೆಯಿರಿ. ದುಃಖ ಮೂಲೆಗೆ ತಳ್ಳಿದರೆ ಎದ್ದು ಹೊರಗೆ ಬನ್ನಿ. ಕೋಪ ಮೇಲೆ ಬೀಳಲು ಹೇಳಿದರೆ ಮೆಲ್ಲಗೆ ಅಲ್ಲಿಂದ ಸರಿಯಿರಿ. ಆದರೆ ನಿಜವಾದ ಅಪಾಯವಿದ್ದಾಗ ಭಯದ ಮಾತನ್ನು ಕೇಳಲೇಬೇಕು. ಹೊತ್ತಿಗೆ ಊಟ, ಸಾಕಷ್ಟು ನಿದ್ರೆ, ಮದ್ಯದಿಂದ ದೂರ: ಇವೂ ಚಿಕಿತ್ಸೆಯ ಭಾಗವೇ. ನಿದ್ದೆಗೆಟ್ಟವನಿಗೆ ಸಣ್ಣ ಮಾತೂ ಮುಳ್ಳಾಗುತ್ತದೆ.

4. ಕೇಳುವ ರೀತಿ: ನಡೆದದ್ದನ್ನು ಹೇಳಿ, ನಿಮಗೆ ಅನಿಸಿದ್ದನ್ನು ಹೇಳಿ, ಬೇಕಾದದ್ದನ್ನು ನೇರವಾಗಿ ಕೇಳಿ, ಅದರಿಂದ ಇಬ್ಬರಿಗೂ ಆಗುವ ಒಳಿತನ್ನು ತಿಳಿಸಿ. "ನಿಮಗೆ ನನ್ನ ಮೇಲೆ ಕಾಳಜಿಯೇ ಇಲ್ಲ" ಎನ್ನುವ ಬದಲು ಹೀಗೆ ಹೇಳಬಹುದು: "ಈ ವಾರ ಮೂರು ದಿನ ನೀವು ತಡವಾಗಿ ಬಂದಿರಿ. ನನಗೆ ಗಾಬರಿಯಾಯಿತು. ತಡವಾಗುವುದಾದರೆ ಒಂದು ಫೋನ್ ಮಾಡಿ, ನಾನು ನೆಮ್ಮದಿಯಾಗಿರುತ್ತೇನೆ."

ಮನೆಯವರಿಗೆ ಒಂದು ಮಾತು

ಕೆಲವರು ಹುಟ್ಟಿನಿಂದಲೇ ಸೂಕ್ಷ್ಮ. ಅವರ ಭಾವನೆ ಬೇಗ ಏರುತ್ತದೆ, ನಿಧಾನವಾಗಿ ಇಳಿಯುತ್ತದೆ. ಮನೆಯಲ್ಲಿ ಅದನ್ನು ಮತ್ತೆ ಮತ್ತೆ ಅಲ್ಲಗಳೆದರೆ ಕಷ್ಟ ಹೆಚ್ಚುತ್ತದೆ ಎಂಬುದು ಲಿನೆಹನ್ ಅವರ ವಾದ. ಆದ್ದರಿಂದ ಮಗಳು ಅಳುವಾಗ ಮೊದಲು "ನಿನಗೆ ತುಂಬಾ ನೋವಾಗಿದೆ, ಅಲ್ಲವೇನಮ್ಮ?" ಎಂದು ಕೇಳಿ. ಬುದ್ಧಿಮಾತು ಆಮೇಲೆ ಬರಲಿ. ನೋವನ್ನು ಒಪ್ಪಿಕೊಂಡರೆ ತಪ್ಪು ನಡತೆಯನ್ನು ಒಪ್ಪಿದಂತಾಗುವುದಿಲ್ಲ. ಎಸೆದ ತಟ್ಟೆಯನ್ನು ಅವಳೇ ಎತ್ತಿಡಲಿ. ಆದರೆ ಅವಳ ಕಣ್ಣೀರನ್ನು ನಾಟಕವೆನ್ನಬೇಡಿ.

ಒಂದು ಎಚ್ಚರಿಕೆ. ಮೈಗೆ ಗಾಯ ಮಾಡಿಕೊಳ್ಳುವವರನ್ನು, ಸಾಯುವ ಮಾತಾಡುವವರನ್ನು ಈ ಲೇಖನದ ಭರವಸೆಯಲ್ಲಿ ಬಿಟ್ಟುಬಿಡಬೇಡಿ. ಒಬ್ಬರೇ ಇರಲು ಬಿಡದೆ ಮನೋವೈದ್ಯರಲ್ಲಿಗೆ ಕರೆದೊಯ್ಯಿರಿ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೂ ಮಾತನಾಡಬಹುದು. ವೈದ್ಯರ ಬಳಿಗೆ ಹೋಗುವುದು ವಿಶ್ವಾಸದ ಕೊರತೆಯಲ್ಲ. ಪ್ರಾರ್ಥನಾಲಯದಲ್ಲಿ ಬೆಳಕು ಕಂಡ ಲಿನೆಹನ್ ಅವರೂ ಆ ಬೆಳಕನ್ನು ಇತರರಿಗೆ ತಲುಪಿಸಲು ವರ್ಷಗಟ್ಟಲೆ ಓದಿ, ಪರೀಕ್ಷಿಸಿ, ದುಡಿಯಬೇಕಾಯಿತು.

ಈಜನ್ನು ಯಾರೂ ಪ್ರವಾಹದಲ್ಲಿ ಕಲಿಯುವುದಿಲ್ಲ. ಮನಸ್ಸು ಶಾಂತವಾಗಿರುವ ಈ ದಿನಗಳಲ್ಲೇ ಒಂದೊಂದು ಕೌಶಲವನ್ನು ಮನೆಮಂದಿಯೆಲ್ಲ ಕೂಡಿ ಅಭ್ಯಾಸ ಮಾಡಿ. ಇಂದು ರಾತ್ರಿ ಜಪಸರ ಮುಗಿದ ಮೇಲೆ ಐದು ನಿಮಿಷ ಉಸಿರಾಟದಿಂದಲೇ ಆರಂಭಿಸಬಹುದು.