ನಾಯಿಯು ಸುತ್ತು ತಿರುಗುವುದೇಕೆ?

ಜಯಲಕ್ಷ್ಮಿಪುರಂ ಬೀದಿಗಳಲ್ಲಿ ನಡೆದು ಶಾಲೆಗೆ ಬರುವ ನಮ್ಮ ಬಾಲಕಿಯರಿಗೆ ನಾಯಿಗಳ ಪರಿಚಯವು ದಿನನಿತ್ಯದ್ದು. ಮಲಗುವ ಮುನ್ನ ನಾಯಿಯು ಎರಡು ಮೂರು ಸುತ್ತು ತಿರುಗಿ, ಮುಂಗಾಲಿನಿಂದ ನೆಲವನ್ನು ಕೆರೆದು, ಬಳಿಕ ಮೈಮುದುರಿಕೊಳ್ಳುವುದನ್ನು ಎಲ್ಲರೂ ಕಂಡಿರುವೆವು. ಹೀಗೇಕೆಂದು ಕೇಳಿದವರು ವಿರಳ. ನೋಡಿ ನಗಬಹುದಾದ ಸುತ್ತು ಯಾವುದು, ನೋಡಿ ದೂರ ಸರಿಯಬೇಕಾದುದು ಯಾವುದು ಎಂಬುದನ್ನು ನಮ್ಮ ವಿದ್ಯಾರ್ಥಿನಿಯರು ಅರಿತಿರುವುದು ಅವಶ್ಯಕ.

ಡಾರ್ವಿನ್ ಪಂಡಿತನು 1872ರಲ್ಲಿ ಪ್ರಕಟಿಸಿದ, ಮನುಷ್ಯರ ಮತ್ತು ಪ್ರಾಣಿಗಳ ಭಾವಪ್ರದರ್ಶನವನ್ನು ಕುರಿತ ಗ್ರಂಥದಲ್ಲಿ ಈ ವಿಷಯವನ್ನೆತ್ತಿರುವನು. ನಾಯಿಯ ಪೂರ್ವಿಕರು ಬಯಲಿನಲ್ಲಿ ಹುಲ್ಲನ್ನು ತುಳಿದು ಹಾಸಿಗೆ ಮಾಡಿಕೊಳ್ಳುತ್ತಿದ್ದ ಅಭ್ಯಾಸವೇ ಜಮಖಾನದ ಮೇಲೆಯೂ ಉಳಿದು ಬಂದಿದೆಯೆಂಬುದು ಅವನ ಊಹೆ. ಮಲವಿಸರ್ಜನೆಗೆ ಮುನ್ನ ಸುತ್ತುವುದೂ ಸಹಜವೇ. 2013ರಲ್ಲಿ ಜರ್ಮನಿ ಮತ್ತು ಜೆಕ್ ದೇಶಗಳ ವಿದ್ವಾಂಸರು 70 ನಾಯಿಗಳನ್ನು ಗಮನಿಸಿ, ಭೂಮಿಯ ಅಯಸ್ಕಾಂತ ಕ್ಷೇತ್ರವು ಶಾಂತವಾಗಿರುವಾಗ ಅವು ಉತ್ತರ ದಕ್ಷಿಣವಾಗಿ ನಿಲ್ಲಬಯಸುವುವೆಂದು ಬರೆದರು. ದಿಕ್ಸೂಚಿಯನ್ನು ಹಿಡಿದು ಕಾಳಿದಾಸ ರಸ್ತೆಯಲ್ಲಿ ಇದನ್ನು ಪರೀಕ್ಷಿಸಹೊರಡುವುದು ಬೇಡ!

ಮರಿಗಳು ಬಾಲವನ್ನು ಅಟ್ಟಿಕೊಂಡು ತಿರುಗುವುದು ಆಟ. ಆದರೆ ಹಗಲೆಲ್ಲ ಸರಪಣಿಯಲ್ಲಿ ಕಟ್ಟಿಹಾಕಿದ ನಾಯಿಗೆ ಇದೇ ಬಿಡಲಾರದ ಚಟವಾಗಿ, ಬಾಲವನ್ನು ಕಚ್ಚಿ ಗಾಯ ಮಾಡಿಕೊಳ್ಳುವುದೂ ಉಂಟು. ಮನೆಯವರು ನಕ್ಕಷ್ಟೂ ಚಟವು ಬೇರೂರುವುದು. ಅದಕ್ಕೆ ಬೇಕಾದುದು ನಗೆಯಲ್ಲ, ನಡಿಗೆ.

ಸಾಕಿದ ನಾಯಿಯಾದರೆ ಹೆಸರು ಹಿಡಿದು ಕರೆಯಿರಿ. ಸಹಜವಾಗಿ ಸುತ್ತುವ ನಾಯಿಯು ಕಿವಿ ನಿಮಿರಿಸಿ ನಿಲ್ಲುವುದು. ಕರೆದರೂ ನಿಲ್ಲದೆ, ಒಂದೇ ಪಕ್ಕಕ್ಕೆ ಗಂಟೆಗಟ್ಟಲೆ ತಿರುಗುತ್ತ, ಗೋಡೆಗೆ ತಲೆಯೊತ್ತಿ ನಿಲ್ಲುವುದಾದರೆ ಮಿದುಳಿಗೆ ಪೆಟ್ಟು, ಗೆಡ್ಡೆ ಅಥವಾ ಬೇರೆ ರೋಗವಿರಬಹುದು. ಮುದಿ ನಾಯಿಯು ಒಮ್ಮೆಲೇ ತಲೆಯನ್ನು ಓರೆಮಾಡಿ ತೂರಾಡಿ ಬಿದ್ದು, ಕಣ್ಣುಗುಡ್ಡೆಗಳು ಅತ್ತಿತ್ತ ಚಲಿಸತೊಡಗಿದರೆ ಅದರ ಕಾಲವು ಮುಗಿಯಿತೆಂದು ಅನೇಕರು ಕೈಬಿಡುವರು. ಕಿವಿಯೊಳಗಣ ಸಮತೋಲದ ಅಂಗವು ಕೆಟ್ಟಾಗಲೂ ಹೀಗಾಗುವುದು. ಇಂತಹ ಮುದಿ ನಾಯಿಗಳಲ್ಲಿ ಅನೇಕವು ಎರಡು ಮೂರು ವಾರಗಳಲ್ಲಿ ಚೇತರಿಸಿಕೊಳ್ಳುವುವು. ಕಿವಿಯು ದುರ್ವಾಸನೆ ಬೀರುತ್ತಿದ್ದರೆ ಬಿಸಿ ಎಣ್ಣೆಯನ್ನು ಹೊಯ್ಯುವ ಮನೆಮದ್ದನ್ನು ಮಾಡಲಾಗದು. ತಮಟೆಯು ಹರಿದಿದ್ದರೆ ಅದರಿಂದ ಕೇಡು ಹೆಚ್ಚುವುದು. ಈ ಎಲ್ಲ ಸಂದರ್ಭಗಳಲ್ಲಿಯೂ ಅಂದೇ ಪಶುವೈದ್ಯರ ಬಳಿಗೆ ಕೊಂಡೊಯ್ಯತಕ್ಕದ್ದು.

ಬೀದಿಯ ನಾಯಿಯ ಮಾತೇ ಬೇರೆ. ಗೊತ್ತುಗುರಿಯಿಲ್ಲದೆ ಸುತ್ತುತ್ತ, ತೂರಾಡುತ್ತ, ಜೊಲ್ಲು ಸುರಿಸುತ್ತ, ಗಾಳಿಯನ್ನು ಕಚ್ಚುವ ನಾಯಿಗೆ ಡಿಸ್ಟೆಂಪರ್ ಇರಬಹುದು, ರೇಬೀಸ್ ಎಂಬ ಹುಚ್ಚುರೋಗವೂ ಇರಬಹುದು. ನೋಡಿದ ಮಾತ್ರಕ್ಕೆ ನಿರ್ಣಯಿಸಲಾಗದು. ರೇಬೀಸಿನ ಇನ್ನೊಂದು ಬಗೆಯಲ್ಲಿ ನಾಯಿಯು ಆರ್ಭಟಿಸದೆ, ದವಡೆ ಜೋತು, ದೈನ್ಯದಿಂದ ಕುಳಿತಿರುವುದು. ಗಂಟಲಲ್ಲಿ ಎಲುಬು ಸಿಕ್ಕಿದೆಯೆಂದು ಕನಿಕರದಿಂದ ಬಾಯಿಗೆ ಕೈಹಾಕುವವರಿಗೇ ಇಲ್ಲಿ ಅಪಾಯ. ಕನಿಕರವಿದ್ದವರು ದೂರದಲ್ಲಿ ನಿಂತು ಹಿರಿಯರಿಗೆ ತಿಳಿಸಲಿ.

ಕಚ್ಚಿದರೆ, ಪರಚಿದರೆ, ಅಥವಾ ತೆರೆದ ಗಾಯಕ್ಕೆ ಜೊಲ್ಲು ತಗುಲಿದರೆ, ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಬೇಕು. ಸುಣ್ಣ, ಅರಿಸಿನ, ಮೆಣಸಿನ ಪುಡಿ ಯಾವುದನ್ನೂ ಮೆತ್ತಕೂಡದು. ಅಂದೇ ಆಸ್ಪತ್ರೆಗೆ ಹೋಗಿ, ವೈದ್ಯರು ಗೊತ್ತುಮಾಡಿದ ದಿನಗಳಲ್ಲೆಲ್ಲ ಚುಚ್ಚುಮದ್ದನ್ನು ತಪ್ಪದೆ ಪಡೆಯಬೇಕು. ರೋಗವು ತಲೆದೋರಿದ ಬಳಿಕ ಬದುಕಿದವರು ಅತಿ ವಿರಳ. ಮನುಷ್ಯರಿಗೆ ತಗುಲಿದ ರೇಬೀಸನ್ನು ವೈದ್ಯರು ಸರ್ಕಾರಕ್ಕೆ ತಿಳಿಸಲೇಬೇಕೆಂದು ಕರ್ನಾಟಕವು 2022ರ ಡಿಸೆಂಬರಿನಲ್ಲಿ ವಿಧಿಸಿತು. ಪೆಟ್ಟು ಬಿದ್ದೀತೆಂಬ ಭಯದಿಂದ ಸಣ್ಣ ಪರಚುಗಾಯವನ್ನು ಮುಚ್ಚಿಡುವ ಮಕ್ಕಳುಂಟು. ತಾಯಂದಿರು ಮೊದಲು ಗಾಯವನ್ನು ತೊಳೆಯಲಿ, ವಿಚಾರಣೆಯನ್ನು ಆಮೇಲೆ ಮಾಡಲಿ.